‘ನಿನ್ನಿಷ್ಟ’ ಅಂತ ಹೇಳಿ ಮಲಗಿದ ರಾತ್ರಿ

ಎರಡನೇ ಗೆರೆ ತುಂಬಾ ತೆಳುವಾಗಿತ್ತು. ಇದೆಯೋ ಇಲ್ಲವೋ ಅನ್ನುವ ಹಾಗೆ. ಬಚ್ಚಲುಮನೆಯ ಸಿಂಕಿನ ಅಂಚಿನಲ್ಲಿ, ಮೂರು ಟೂತ್‌ಬ್ರಷ್‌ಗಳ ಪಕ್ಕ ಆ ಬಿಳಿ ಕಿಟ್ ಇತ್ತು. ಅವಳು ಅದನ್ನೇ ನೋಡುತ್ತಾ ನಿಂತಿದ್ದಳು. ನಾನು ಡಬ್ಬಿಯೊಳಗಿದ್ದ ಚೀಟಿ ಓದುತ್ತಾ ನಿಂತಿದ್ದೆ. ಇಷ್ಟು ನಿಮಿಷದೊಳಗೆ ನೋಡಬೇಕು, ಆಮೇಲೆ ನೋಡಿದರೆ ಲೆಕ್ಕಕ್ಕಿಲ್ಲ, ಗೆರೆ ತೆಳುವಾಗಿದ್ದರೂ ಅದು ಗೆರೆಯೇ. ಇಷ್ಟನ್ನೇ ಎರಡು ಸಲ ಓದಿದೆ. ಕಿಟ್ ನೋಡುವುದಕ್ಕಿಂತ ಚೀಟಿ ಓದುವುದು ಸುಲಭವಾಗಿತ್ತು.

ನಮಗೆ ಆಗಲೇ ಮೂರು ವರ್ಷದ ಮಗಳಿದ್ದಳು. ಇನ್ನೊಂದು ಬೇಡ ಅಂತ ಮಾತಾಡಿಕೊಂಡಾಗಿತ್ತು. ಡಾಕ್ಟರ್ ಕೇಳಿದಾಗ ‘ಕಾಂಡೋಮ್ ಬಳಸ್ತಿದ್ವಿ’ ಅಂದೆ. ಅದು ಡಾಕ್ಟರ್ ಮುಂದೆ ಹೇಳುವ ಮಾತು. ‘ಸಾಮಾನ್ಯವಾಗಿ ಬಳಸ್ತಿದ್ವಿ’ ಅನ್ನುವುದು ನಿಜಕ್ಕೆ ಹತ್ತಿರ. ಪ್ರತಿ ಸಲವೂ, ತಪ್ಪಿಲ್ಲದೆ ಬಳಸಿದರೆ ಒಂದು ವರ್ಷದಲ್ಲಿ ನೂರಕ್ಕೆ 2 ಹೆಂಗಸರು ಬಸಿರಾಗುತ್ತಾರಂತೆ. ಜನ ನಿಜವಾಗಿ ಬಳಸುವ ರೀತಿಯಲ್ಲಿ ಬಳಸಿದರೆ 13. ಆ 2ಕ್ಕೂ 13ಕ್ಕೂ ನಡುವೆ ಕೂತಿರುವುದು ನಮ್ಮಂಥವರ ರಾತ್ರಿಗಳು. ‘ಸೇಫ್ ಡೇಟ್ ಅಲ್ವಾ, ಪರವಾಗಿಲ್ಲ ಬಿಡು’ ಅಂದ ರಾತ್ರಿಗಳು. ಡೇಟು ಅವಳದು. ‘ಪರವಾಗಿಲ್ಲ’ ಅಂದವನು ನಾನು.

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12.1 ಕೋಟಿ ಬಸಿರುಗಳು ಯಾರೂ ಅಂದುಕೊಳ್ಳದೆ ಆಗುವಂಥವು. ಒಟ್ಟು ಬಸಿರುಗಳಲ್ಲಿ ಹೆಚ್ಚುಕಡಿಮೆ ಅರ್ಧ. ಇದನ್ನು ಆಮೇಲೆ ಓದಿದೆ. ಓದಿದಾಗ ಸ್ವಲ್ಪ ಸಮಾಧಾನವೂ ಆಯಿತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಅಷ್ಟು ದೊಡ್ಡ ಗುಂಪಿನಲ್ಲಿ ನಾವೂ ಒಬ್ಬರು ಅಂದರೆ ತಪ್ಪು ಸ್ವಲ್ಪ ಹಂಚಿಹೋದ ಹಾಗೆ ಅನಿಸುತ್ತದೆ.

ಎರಡು ದಿನ ಬಿಟ್ಟು ಡಾಕ್ಟರ ಹತ್ತಿರ ಹೋದೆವು. ಸ್ಕ್ಯಾನ್ ಮಾಡಿ ‘ಆರು ವಾರ’ ಅಂದರು.

ನಾನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದೆ. ಆರು ವಾರದ ಹಿಂದೆ ನಾನು ಮನೆಯಲ್ಲೇ ಇರಲಿಲ್ಲ. ಆಫೀಸಿನ ಕೆಲಸಕ್ಕೆ ಅಂತ ಹತ್ತು ದಿನ ಬೇರೆ ಕಡೆ ಇದ್ದೆ. ಮತ್ತೆ ಎಣಿಸಿದೆ. ಅಷ್ಟೇ ಬಂತು. ಆಗ ನನ್ನ ಮುಖದಲ್ಲಿ ಏನೋ ಹಾದುಹೋಗಿರಬೇಕು. ಎರಡು ಸೆಕೆಂಡು ಇರಬಹುದು, ಜಾಸ್ತಿ ಇಲ್ಲ. ಡಾಕ್ಟರ್ ಸ್ಕ್ರೀನ್ ನೋಡುತ್ತಿದ್ದರು. ಅವಳು ನನ್ನನ್ನು ನೋಡುತ್ತಿದ್ದಳು.

ಹೊರಗೆ ಬಂದು ಗಾಡಿ ಹತ್ತಿರ ನಿಂತಾಗ ಹೇಳಿದಳು. ‘ಲೆಕ್ಕ ಮುಟ್ಟಾದ ದಿನದಿಂದ ಶುರು. ಸೇರಿದ ದಿನದಿಂದ ಅಲ್ಲ. ಇವಳ ಸಲಾನೂ ಹೇಳಿದ್ದೆ ನಿಂಗೆ.’ ಅಷ್ಟೇ. ಜಗಳ ಆಡಲಿಲ್ಲ. ಬೀಗದ ಕೈ ಕೊಟ್ಟು ಹಿಂದೆ ಕೂತಳು.

ಬಸಿರಿನ 280 ದಿನ ಅಂತಾರಲ್ಲ, ಅದನ್ನು ಎಣಿಸುವುದು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಅಂಡ ಬಿಡುಗಡೆಯಾಗುವುದು ಅದಾಗಿ ಸುಮಾರು ಎರಡು ವಾರಕ್ಕೆ. ಹಾಗಾಗಿ ಮೊದಲ ಎರಡು ವಾರ ಬಸಿರೇ ಇರುವುದಿಲ್ಲ, ಲೆಕ್ಕ ಮಾತ್ರ ಇರುತ್ತದೆ. ಆರು ವಾರ ಅಂದರೆ ಒಳಗೆ ಬೆಳೆಯುತ್ತಿರುವುದಕ್ಕೆ ನಾಲ್ಕು ವಾರ. ಮುಟ್ಟು ತಪ್ಪಿ ಎರಡು ವಾರ. ಇಷ್ಟು ಸಣ್ಣ ವಿಷಯ. ಒಂದು ಮಗುವಿನ ಅಪ್ಪನಾಗಿ, ಒಂಬತ್ತು ತಿಂಗಳು ಜೊತೆಗಿದ್ದು, ಚೆಕಪ್‌ಗೆಲ್ಲ ಗಾಡಿ ಓಡಿಸಿದವನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ನನ್ನ ಕೆಲಸ ನಡೆದಿತ್ತು, ಅದಕ್ಕೇ ಕಲಿತಿರಲಿಲ್ಲ. ಅವಳಿಗೆ ಹಾಗೆ ನಡೆಯುವುದಿಲ್ಲ.

ಅಮೆರಿಕದ ಕೆಲವು ರಾಜ್ಯಗಳಲ್ಲಿ ಆರು ವಾರದ ಮೇಲೆ ಗರ್ಭಪಾತ ಮಾಡುವ ಹಾಗಿಲ್ಲ ಅಂತ ಕಾನೂನು ಬಂದಿದೆ. ಕೇಳಿದ ಗಂಡಸಿಗೆ ಒಂದೂವರೆ ತಿಂಗಳು ಸಮಯ ಇದೆಯಲ್ಲ ಅನಿಸುತ್ತದೆ. ನನಗೂ ಹಾಗೇ ಅನಿಸುತ್ತಿತ್ತು. ಮುಟ್ಟು ಸರಿಯಾಗಿ ಬರುವವಳಿಗೆ ಅದು ಎರಡು ವಾರ. ಹಿಂದುಮುಂದಾಗುವವಳಿಗೆ ಅದೂ ಇಲ್ಲ.

ಆ ರಾತ್ರಿ ಮಗಳು ಮಲಗಿದ ಮೇಲೆ ಅವಳು ಕೇಳಿದಳು.

‘ನೀನ್ ಏನ್ ಹೇಳ್ತೀಯ?’

‘ನಿನ್ನಿಷ್ಟ’ ಅಂದೆ. ‘ನೀನು ಏನೇ ನಿರ್ಧಾರ ಮಾಡಿದ್ರೂ ನಾನು ಜೊತೆಗಿರ್ತೀನಿ.’

‘ಹೂಂ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು ಲೈಟ್ ಆರಿಸಿದಳು.

ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ ಅಂತ ಹೇಳಲು ಸಂಕೋಚವಾಗುತ್ತದೆ, ಆದರೆ ಮಾಡಿದೆ. ಒಳ್ಳೆಯ ಗಂಡಸು ಹೇಳಬೇಕಾದ ಮಾತನ್ನೇ ಹೇಳಿದ್ದೇನೆ ಅಂತ ಸ್ವಲ್ಪ ಹೆಮ್ಮೆಯೂ ಇತ್ತು. ಒತ್ತಾಯ ಮಾಡಲಿಲ್ಲ, ಹಕ್ಕು ಚಲಾಯಿಸಲಿಲ್ಲ, ದನಿ ಏರಿಸಲಿಲ್ಲ. ಇನ್ನೇನು ಬೇಕು?

ಈ ಮಾತನ್ನು ಈಗ ಬೇರೆ ಥರ ಕೇಳಿಸಿಕೊಳ್ಳುತ್ತೇನೆ. ಅವಳು ಕೇಳಿದ್ದು ‘ಯಾರು ನಿರ್ಧರಿಸಬೇಕು’ ಅಂತ ಅಲ್ಲ. ಅದು ಅವಳಿಗೆ ಗೊತ್ತಿತ್ತು. ಅವಳು ಕೇಳಿದ್ದು ‘ನಿನ್ನ ಮನಸ್ಸಿನಲ್ಲಿ ಏನಿದೆ’ ಅಂತ. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇಡ ಅನ್ನುವುದೇ. ಎರಡನೇ ಮಗು ಅಂದರೆ ಮತ್ತೆ ಎರಡು ವರ್ಷ ನಿದ್ದೆ ಇಲ್ಲ, ಕೆಲಸದಲ್ಲಿ ಸಿಗಬಹುದಾದ ಒಂದು ಅವಕಾಶ ಇಲ್ಲ. ಇದನ್ನೆಲ್ಲ ಬಾಯಿ ಬಿಟ್ಟು ಹೇಳಿದ್ದರೆ ಆ ‘ಬೇಡ’ದಲ್ಲಿ ಅರ್ಧ ನನ್ನದಾಗುತ್ತಿತ್ತು. ಮುಂದೆ ಯಾವತ್ತಾದರೂ ಬೇಜಾರಾದರೆ ಆ ಬೇಜಾರಿನಲ್ಲೂ ಅರ್ಧ. ‘ನಿನ್ನಿಷ್ಟ’ ಅಂದು ಪೂರ್ತಿ ಅವಳಿಗೇ ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟದ್ದು ಹಕ್ಕು ಅಂದುಕೊಂಡಿದ್ದೆ. ಅದರ ಜೊತೆಗೆ ಭಾರವೂ ಹೋಗಿತ್ತು.

ಕೊನೆಯ ಮಾತು ಅವಳದೇ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಅಂದೂ ಇರಲಿಲ್ಲ. ಇಬ್ಬರಿಗೂ ಬೇರೆಬೇರೆ ಇಷ್ಟವಿದ್ದರೆ ನಡುವೆ ನಿಲ್ಲುವ ಜಾಗವೇ ಇಲ್ಲ. ಮನೆ ಕಟ್ಟುವಾಗ, ಊರು ಬದಲಾಯಿಸುವಾಗ ಏನಾದರೂ ರಾಜಿ ಇರುತ್ತದೆ. ಅರ್ಧ ಬಸಿರು ಅಂತ ಇಲ್ಲ. ಯಾರದಾದರೂ ಒಬ್ಬರ ಮಾತು ನಡೆಯಲೇಬೇಕು. ಯಾರ ಮೈಯೊಳಗೆ ಅದು ನಡೆಯುತ್ತದೋ ಅವರ ಮಾತು.

ಕೋರ್ಟುಗಳು ಈ ಜಾಗಕ್ಕೆ ಬರಲು ತುಂಬಾ ಸಮಯ ತೆಗೆದುಕೊಂಡವು. 1978ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಗಂಡ ಹೆಂಡತಿಯ ಗರ್ಭಪಾತ ತಡೆಯಿರಿ ಅಂತ ಕೋರ್ಟಿಗೆ ಹೋದ. ಅವನಿಗೆ ಆ ಹಕ್ಕಿಲ್ಲ ಅಂದರು. 1989ರಲ್ಲಿ ಕೆನಡಾದಲ್ಲಿ ಇನ್ನೊಬ್ಬ, ಗಂಡನೂ ಅಲ್ಲ, ಆಗಲೇ ಬೇರೆಯಾಗಿದ್ದ ಸಂಗಾತಿ, ಕ್ವಿಬೆಕ್ ಕೋರ್ಟಿನಿಂದ ತಡೆಯಾಜ್ಞೆಯನ್ನೇ ತಂದ. ಅವಳಿಗೆ ಆಗಲೇ ನಾಲ್ಕು ತಿಂಗಳು ದಾಟಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಬೇಸಿಗೆ ರಜೆಯಲ್ಲಿದ್ದ ನ್ಯಾಯಾಧೀಶರು ತುರ್ತಾಗಿ ಸೇರಿದರು. ವಾದ ನಡೆಯುತ್ತಿದ್ದಾಗಲೇ ಅವಳ ವಕೀಲರು ಎದ್ದು ನಿಂತು, ನನ್ನ ಕಕ್ಷಿದಾರಳು ಆಗಲೇ ಅಮೆರಿಕಕ್ಕೆ ಹೋಗಿ ಗರ್ಭಪಾತ ಮಾಡಿಸಿಕೊಂಡಿದ್ದಾಳೆ ಅಂದರು. ಕೋರ್ಟ್ ಆದರೂ ಕೈಬಿಡಲಿಲ್ಲ. ಮುಂದೆ ಬೇರೆ ಹೆಂಗಸರಿಗೆ ಇದೇ ಆಗಬಾರದು ಅಂತ ತಡೆಯಾಜ್ಞೆಯನ್ನು ತೆಗೆದುಹಾಕಿತು.

ನನಗೆ ಇಷ್ಟವಾದ ಮಾತು ಇರುವುದು ಅಮೆರಿಕದ ಸುಪ್ರೀಂ ಕೋರ್ಟಿನ 1992ರ ತೀರ್ಪಿನಲ್ಲಿ. ಪೆನ್ಸಿಲ್ವೇನಿಯಾದ ಕಾನೂನು, ಗಂಡನಿಗೆ ತಿಳಿಸಿದ್ದೇನೆ ಅಂತ ಹೆಂಡತಿ ಸಹಿ ಹಾಕಬೇಕು ಅಂತಿತ್ತು. ಚೆನ್ನಾಗಿರುವ ಸಂಸಾರದಲ್ಲಿ ಹೆಂಡತಿ ಹೇಗೂ ಹೇಳಿಯೇ ಹೇಳುತ್ತಾಳೆ, ಹೇಳದೆ ಇರುವವಳಿಗೆ ಹೆಚ್ಚಾಗಿ ಹೇಳದೆ ಇರಲು ಕಾರಣ ಇರುತ್ತದೆ, ಹೊಡೆತದ ಭಯವೂ ಅದರಲ್ಲಿ ಒಂದು ಅಂತ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಆ ತೀರ್ಪನ್ನೇ 2022ರಲ್ಲಿ ಅದೇ ಕೋರ್ಟ್ ಪಕ್ಕಕ್ಕಿಟ್ಟಿತು, ಅದು ಬೇರೆ ಕಥೆ. ಭಾರತದ ಕಾನೂನಿನಲ್ಲೂ ವಯಸ್ಸಿಗೆ ಬಂದ ಹೆಣ್ಣಿಗೆ ಗಂಡನ ಸಹಿ ಬೇಕಿಲ್ಲ. ಗರ್ಭನಿರೋಧಕ ಕೈಕೊಟ್ಟ ಸಂದರ್ಭದ ಬಗ್ಗೆ ಹೇಳುವಾಗ ‘ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ’ ಅಂತಿದ್ದದ್ದು 2021ರ ತಿದ್ದುಪಡಿಯಲ್ಲಿ ‘ಮಹಿಳೆ ಅಥವಾ ಆಕೆಯ ಸಂಗಾತಿ’ ಅಂತ ಆಯಿತು. ಆದರೂ ನಮಗೆ ಫಾರಂ ತಂದುಕೊಟ್ಟವರು ಪೆನ್ನು ಚಾಚಿದ್ದು ನನ್ನ ಕಡೆಗೆ. ನಾನು ಅದನ್ನು ತೆಗೆದುಕೊಂಡೂ ಆಗಿತ್ತು. ‘ಇಲ್ಲಿ ಕೊಡಿ’ ಅಂತ ಅವಳು ಕೈ ಚಾಚಿದಳು.

ಈ ತೀರ್ಪುಗಳೆಲ್ಲ ಹೇಳುವುದು ಕೊನೆಯ ಮಾತು ಯಾರದು ಅಂತ. ಇನ್ನೊಬ್ಬನು ಬಾಯಿ ಮುಚ್ಚಿಕೊಂಡು ಕೂರಬೇಕು ಅಂತ ಯಾವ ನ್ಯಾಯಾಧೀಶರೂ ಬರೆದಿಲ್ಲ. ಅದು ನಾನೇ ಸೇರಿಸಿಕೊಂಡದ್ದು, ನನಗೆ ಅನುಕೂಲವಾಗಿತ್ತು ಅಂತ.

ಅವಳು ಬೇಡ ಅಂತ ನಿರ್ಧರಿಸಿದಳು. ಮೊದಲ ಮಾತ್ರೆಯನ್ನು ಡಾಕ್ಟರ ಮುಂದೆಯೇ ನುಂಗಿದಳು. ಅದು ಮಿಫೆಪ್ರಿಸ್ಟೋನ್. ಬಸಿರು ನಿಲ್ಲಲು ಬೇಕಾದ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಅದಾಗಿ ಒಂದೆರಡು ದಿನಕ್ಕೆ ಮನೆಯಲ್ಲಿ ಎರಡನೇದು, ಮಿಸೊಪ್ರೋಸ್ಟಾಲ್. ಅದು ಗರ್ಭಕೋಶವನ್ನು ಹಿಂಡುತ್ತದೆ. ಹೊಟ್ಟೆನೋವು, ರಕ್ತ ಹೋಗುವುದು ಎಲ್ಲ ಆ ದಿನ. ನನಗೆ ಅವತ್ತು ಒಂದು ಮೀಟಿಂಗ್ ಇತ್ತು.

‘ಹೋಗು ನೀನು. ಇಲ್ಲಿ ಕೂತು ಏನ್ ಮಾಡ್ತೀಯ’ ಅಂದಳು.

ಹೆಂಡತಿ ಹೀಗಂದರೆ ಅದಕ್ಕೆ ಎರಡು ಅರ್ಥ ಇರುತ್ತದೆ. ನನಗೆ ಬೇಕಾದ ಅರ್ಥ ತೆಗೆದುಕೊಂಡು ಹೋದೆ.

ಸಂಜೆ ಬಂದಾಗ ಮಗಳು ಕಾರ್ಟೂನ್ ನೋಡುತ್ತಿದ್ದಳು, ಸೌಂಡ್ ತುಂಬಾ ಕಮ್ಮಿ ಇಟ್ಟುಕೊಂಡು. ‘ಅಮ್ಮಂಗೆ ಉಷಾರಿಲ್ಲ’ ಅಂತ ಪಿಸುಮಾತಿನಲ್ಲಿ ಹೇಳಿದಳು. ಅವಳು ಒಳಗೆ ಬಿಸಿನೀರಿನ ಬ್ಯಾಗ್ ಹೊಟ್ಟೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಮಂಚದ ಪಕ್ಕ ಯಾವುದೋ ಹಳೆಯ ಬಿಲ್ ಮಗುಚಿ ಹಾಕಿತ್ತು. ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು. ಒಂದು ಸಾಲಿನಲ್ಲಿ ಗಂಟೆ. ಅದರ ಮುಂದೆ ಗೆರೆಗಳು. ಏನದು ಅಂತ ತಕ್ಷಣ ಗೊತ್ತಾಗಲಿಲ್ಲ. ಡಾಕ್ಟರ್ ಹೇಳಿದ್ದು ಆಮೇಲೆ ನೆನಪಾಯಿತು. ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಸತತ ಎರಡು ಗಂಟೆ ಹಾಗೇ ಆದರೆ ತಡ ಮಾಡದೆ ಫೋನ್ ಮಾಡಿ ಅಂದಿದ್ದರು. ಒಂದು ಗಂಟೆಯ ಮುಂದೆ ಒಂದು ಗೆರೆ. ಎರಡರ ಮುಂದೆ ಒಂದು. ಮೂರರ ಮುಂದೆ ಎರಡು. ನಾಲ್ಕರ ಮುಂದೆ ಒಂದು. ಐದರ ಮುಂದೆ ಏನೂ ಇಲ್ಲ.

ಮೂರರಿಂದ ನಾಲ್ಕರವರೆಗೆ ಅವಳು ಒಬ್ಬಳೇ ಗಡಿಯಾರ ನೋಡುತ್ತಾ ಕೂತಿದ್ದಾಳೆ. ಇನ್ನೂ ಒಂದು ಗೆರೆ ಬಿದ್ದರೆ ಯಾರಿಗೆ ಫೋನ್ ಮಾಡುವುದು, ಮಗಳನ್ನು ಯಾರ ಹತ್ತಿರ ಬಿಡುವುದು, ಇಷ್ಟನ್ನೂ ಯೋಚಿಸಿರುತ್ತಾಳೆ. ನನ್ನ ಫೋನ್ ತೆಗೆದು ನೋಡಿದೆ. ಅವಳಿಂದ ಒಂದು ಕಾಲ್ ಕೂಡ ಬಂದಿರಲಿಲ್ಲ. ಬಂದಿದ್ದರೂ ಆಗ ಫೋನ್ ಸೈಲೆಂಟ್ ಇತ್ತು.

ಆ ಬಿಲ್ ಇನ್ನೂ ನನ್ನ ಹತ್ತಿರ ಇದೆ. ಇಟ್ಟುಕೊಂಡಿದ್ದೇನೆ ಅಂತ ಅವಳಿಗೆ ಗೊತ್ತಿಲ್ಲ. ಈಗ ಗೊತ್ತಾಗುತ್ತದೆ.

ಅದಾಗಿ ಒಂದು ವರ್ಷಕ್ಕೆ ಒಬ್ಬ ಗೆಳೆಯ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಅವನದು ಉಲ್ಟಾ ಕಥೆ. ಮದುವೆ ಆಗಿರಲಿಲ್ಲ. ಜೊತೆಗಿದ್ದ ಹುಡುಗಿ ಬಸಿರಾಗಿದ್ದಳು. ಅವಳಿಗೆ ಮಗು ಬೇಕಿತ್ತು. ಇವನಿಗೆ ಮಗುವೂ ಬೇಡ, ಆ ಸಂಬಂಧವೂ ಹೆಚ್ಚುಕಡಿಮೆ ಮುಗಿದಿತ್ತು.

‘ಅವಳಿಗೆ ಬೇಕು ಅಂದ್ರೆ ಇಟ್ಕೋಬಹುದು. ಬೇಡ ಅಂದ್ರೆ ತೆಗೆಸ್ಬಹುದು. ನಂಗೇನಿದೆ ಮಗಾ? ಹದಿನೆಂಟು ವರ್ಷ ದುಡ್ಡು ಕಟ್ಟೋದು ಬಿಟ್ರೆ?’

ಇಂಥ ಮಾತಿಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಮೊದಲೇ ಯೋಚನೆ ಮಾಡ್ಬೇಕಿತ್ತು’ ಅಂತ. ಅದು ನನ್ನ ಬಾಯಿಗೆ ಬರಲಿಲ್ಲ. ನಾನು ಮೊದಲೇ ಯೋಚನೆ ಮಾಡಿದವನಾಗಿರಲಿಲ್ಲ. ಮೇಲಾಗಿ ಅದೇ ಮಾತನ್ನು ಹೆಂಗಸರಿಗೆ ಹೇಳಿದರೆ ನಾವೆಲ್ಲ ಸಿಟ್ಟಾಗುತ್ತೇವೆ, ಆಗಲೂ ಬೇಕು.

ಅವನ ಪ್ರಶ್ನೆ ಹೊಸದಲ್ಲ. 2006ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಒಬ್ಬ ಯುವಕ ಇದನ್ನೇ ಕೋರ್ಟಿನಲ್ಲಿ ಕೇಳಿದ. ತನಗೆ ಮಕ್ಕಳಾಗುವುದಿಲ್ಲ ಅಂತ ಗೆಳತಿ ಹೇಳಿದ್ದಳು, ಹಾಗಿರುವಾಗ ನಾನೇಕೆ ಜೀವನಾಂಶ ಕೊಡಬೇಕು ಅನ್ನುವುದು ಅವನ ವಾದ. ಕೆಳಗಿನ ಕೋರ್ಟಿನಲ್ಲಿ ಸೋತ. 2007ರಲ್ಲಿ ಮೇಲ್ಮನವಿಯಲ್ಲೂ ಸೋತ. 2016ರಲ್ಲಿ ಸ್ವೀಡನ್ನಿನಲ್ಲಿ ಲಿಬರಲ್ ಪಕ್ಷದ ಯುವಘಟಕವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೆಣ್ಣು ಸ್ವಂತ ಇಷ್ಟದಿಂದ ಗರ್ಭಪಾತ ಮಾಡಿಸಿಕೊಳ್ಳಲು ಅಲ್ಲಿ 18 ವಾರದವರೆಗೆ ಅವಕಾಶವಿದೆ. ಅಷ್ಟರೊಳಗೆ ಗಂಡಸಿಗೂ ‘ನಾನು ಅಪ್ಪ ಅಲ್ಲ’ ಅಂತ ಕಾಗದದ ಮೇಲೆ ಬಿಟ್ಟುಕೊಡುವ ಅವಕಾಶ ಇರಲಿ ಅಂದರು. ಅವರ ಮಾತೃಪಕ್ಷವೇ ಇದನ್ನು ಒಪ್ಪಲಿಲ್ಲ.

ಮೊದಲ ಸಲ ಕೇಳಿದಾಗ ನನಗೂ ಸರಿ ಅನಿಸಿತ್ತು. ಅವಳಿಗೊಂದು ಬಾಗಿಲು, ಇವನಿಗೊಂದು ಬಾಗಿಲು. ಆದರೆ ಆ ಬಿಲ್ಲಿನ ಹಿಂದಿನ ಗೆರೆಗಳು ನೆನಪಾದರೆ ಎರಡೂ ಒಂದೇ ಥರದ ಬಾಗಿಲು ಅಂತ ಅನಿಸುವುದಿಲ್ಲ. ಅವಳು ಹೊರಗೆ ಬರಬೇಕಾದರೆ ಅದರ ನೋವನ್ನು ದಾಟಿ ಬರಬೇಕು. ಇವನು ಸಹಿ ಹಾಕಿ ಬರುತ್ತಾನೆ. ಅವಳು ಬಂದ ಮೇಲೆ ಹಿಂದೆ ಮಗು ಇರುವುದಿಲ್ಲ. ಇವನು ಬಂದ ಮೇಲೆ ಇರುತ್ತದೆ. ಅದಕ್ಕೆ ಜ್ವರ ಬರುತ್ತದೆ, ಶಾಲೆ ಬೇಕಾಗುತ್ತದೆ, ಕಾಲಿನ ಅಳತೆ ಬದಲಾಗುತ್ತಾ ಹೋಗುತ್ತದೆ. ಅಪ್ಪ ಅಮ್ಮ ಏನು ಮಾತಾಡಿಕೊಂಡಿದ್ದರು, ಯಾರು ಯಾರಿಗೆ ಸುಳ್ಳು ಹೇಳಿದರು ಅನ್ನುವುದು ಆ ಮಗುವಿಗೆ ಸಂಬಂಧಿಸಿದ್ದಲ್ಲ. ಜೀವನಾಂಶ ಅನ್ನುವುದು ಗಂಡಸಿಗೆ ಹಾಕಿದ ದಂಡ ಅಲ್ಲ, ಹುಟ್ಟಿದ ಮಗುವಿಗೆ ಸೇರಬೇಕಾದ್ದು. ಅದು ಅಮ್ಮನ ಕೈಗೆ ಹೋಗುವುದರಿಂದ ನಮಗೆ ಹಾಗೆ ಕಾಣುತ್ತದೆ.

ಈ ವಾದವನ್ನು ಎಲ್ಲಿಯವರೆಗೆ ಎಳೆಯಬಹುದು ಅನ್ನುವುದಕ್ಕೆ ನನ್ನಲ್ಲಿ ಉತ್ತರ ಇಲ್ಲ. 1993ರಲ್ಲಿ ಅಮೆರಿಕದ ಕ್ಯಾನ್ಸಸ್ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅಲ್ಲಿ ಅಪ್ಪ ಅನಿಸಿಕೊಂಡವನು ಇನ್ನೂ ಹುಡುಗ. ಕಾನೂನಿನ ಕಣ್ಣಿನಲ್ಲೇ ಅವನು ಒಪ್ಪಿಗೆ ಕೊಡುವ ವಯಸ್ಸಿನವನಲ್ಲ, ಅಪರಾಧಕ್ಕೆ ಬಲಿಯಾದವನು. ಆದರೂ ಮಗುವಿನ ಖರ್ಚು ಅವನು ಕೊಡಬೇಕು ಅಂದರು. ಮಗುವಿನ ಹಿತವೇ ಮೊದಲು ಅನ್ನುವ ಮಾತು ಅಲ್ಲಿ ನನಗೆ ಒಪ್ಪಿಗೆಯಾಗುವುದಿಲ್ಲ. ಅಂಥ ಕಡೆ ಸರ್ಕಾರ ಆ ಮಗುವನ್ನು ನೋಡಿಕೊಳ್ಳಬೇಕಿತ್ತು. ಹುಡುಗ ಅಂತ ಅವನಿಗೆ ಆದದ್ದು ಆಗಲೇ ಇಲ್ಲ ಅನ್ನುವ ಹಾಗೆ ನಡೆದುಕೊಂಡರು. ಹೆಣ್ಣಿನ ಪರ ಮಾತಾಡುವವರೂ ಇದನ್ನು ಹೇಳಬೇಕು ಅಂತ ನನಗೆ ಅನಿಸುತ್ತದೆ.

ಮೋಸದ ವಿಷಯವೂ ಹಾಗೇ. ಮಾತ್ರೆ ತಗೊಂಡಿದ್ದೇನೆ ಅಂತ ಸುಳ್ಳು ಹೇಳುವವರಿದ್ದಾರೆ. ಹೇಳದೆ ಕೇಳದೆ ಕಾಂಡೋಮ್ ತೆಗೆದುಬಿಡುವವರೂ ಇದ್ದಾರೆ. ಎರಡನೆಯದನ್ನು ಕ್ಯಾಲಿಫೋರ್ನಿಯಾ 2021ರಲ್ಲಿ ಪರಿಹಾರ ಕೇಳಬಹುದಾದ ತಪ್ಪು ಅಂತ ಕಾನೂನಿಗೆ ಸೇರಿಸಿತು. ಆದರೆ ನನ್ನ ಗೆಳೆಯನ ವಿಷಯದಲ್ಲಿ ಮೋಸ ಏನೂ ಇರಲಿಲ್ಲ. ಇಬ್ಬರೂ ಮರೆತಿದ್ದರು, ಅಷ್ಟೇ.

‘ದುಡ್ಡಿನ ಮಾತು ಬಿಡು. ನಿನ್ ಮನಸ್ಸಲ್ಲಿ ಏನಿದೆ ಅಂತ ಅವಳಿಗೆ ಹೇಳಿದೀಯಾ?’ ಅಂತ ಕೇಳಿದೆ.

‘ಏನಂತ ಹೇಳ್ಲಿ?’

‘ಬೇಡ ಅಂತ. ಭಯ ಆಗ್ತಿದೆ ಅಂತ.’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಿನ್ನಿಷ್ಟ ಅಂದೆ’ ಅಂದ.

ನನಗೆ ನಗುವೂ ಬರಲಿಲ್ಲ.

ಅವನ ದುಃಖ ಸಣ್ಣದಲ್ಲ. ಬೇಡ ಅಂದರೂ ಅಪ್ಪನಾಗುತ್ತಾನೆ. ಇದಕ್ಕಿಂತ ಒಂಟಿ ಅಂತ ನನಗೆ ಅನಿಸುವುದು ಇನ್ನೊಂದು ಥರದ ಗಂಡಸು. ಅವನಿಗೆ ಮಗು ಬೇಕಿತ್ತು, ಅವಳು ಬೇಡ ಅಂದಳು. ಅವನಿಗೆ ಕೋರ್ಟಿನಲ್ಲಿ ಏನೂ ಸಿಗುವುದಿಲ್ಲ, ಸಿಗಬಾರದು ಕೂಡ. ಆದರೆ ಅಳುವುದಕ್ಕೆ ಒಂದು ಜಾಗವಾದರೂ ಬೇಕಲ್ವಾ? ನಿನಗೇನು ಹೋಯಿತು ಅಂತ ಕೇಳುವವರೇ ಜಾಸ್ತಿ.

ಗೆಳೆಯ ಎರಡು ತಿಂಗಳು ಬಿಟ್ಟು ಮತ್ತೆ ಫೋನ್ ಮಾಡಿದ. ಸ್ಕ್ಯಾನಿಂಗ್‌ಗೆ ಜೊತೆಗೆ ಬಾ ಅಂತ ಅವಳು ಕರೆದಿದ್ದಳಂತೆ. ‘ಇಪ್ಪತ್ತು ವಾರ ಅಂದ್ರು. ನನ್ ಲೆಕ್ಕದಲ್ಲಿ ಹದಿನೆಂಟೇ ಬರ್ತಿದೆಯಲ್ಲೋ’ ಅಂದ. ಅವಳ ಮುಂದೆ ಹೀಗೆ ಅಂದೆಯಾ ಅಂತ ಗಾಬರಿಯಿಂದ ಕೇಳಿದೆ. ಇಲ್ಲ ಅಂದ. ಕೂತು ಎಣಿಸುವುದನ್ನು ಹೇಳಿಕೊಟ್ಟೆ.

ಬಸಿರಾದ ಮೇಲೆ ಯಾರ ಹಕ್ಕು ಎಷ್ಟು ಅನ್ನುವುದನ್ನು ಜನ ತುಂಬಾ ಮಾತಾಡುತ್ತಾರೆ. ಅದಕ್ಕೂ ಮೊದಲಿನ ವರ್ಷಗಳ ಬಗ್ಗೆ ಮಾತೇ ಕಮ್ಮಿ. ಹಂಚಿಕೆ ತಪ್ಪುವುದು ಅಲ್ಲೇ.

ಗರ್ಭನಿರೋಧಕ ಮಾತ್ರೆಯ ದೊಡ್ಡ ಪರೀಕ್ಷೆ 1956ರಲ್ಲಿ ಪೋರ್ಟೊ ರಿಕೊದಲ್ಲಿ ಶುರುವಾಯಿತು. ಅಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಎಡ್ರಿಸ್ ರೈಸ್-ರೇ ಅನ್ನುವವರು, ಶೇಕಡ 17ರಷ್ಟು ಹೆಂಗಸರಿಗೆ ತಲೆಸುತ್ತು, ವಾಂತಿ, ತಲೆನೋವು ಬರುತ್ತಿದೆ, ಇಷ್ಟೊಂದು ತೊಂದರೆ ಇದ್ದರೆ ಎಲ್ಲರಿಗೂ ಕೊಡುವಂಥದ್ದಲ್ಲ ಅಂತ ಬರೆದರು. ಮಾತ್ರೆ ತಯಾರಿಸುತ್ತಿದ್ದವರು ಅದನ್ನು ದೊಡ್ಡದು ಮಾಡಲಿಲ್ಲ. 1960ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಂಡಸರ ಇಂಜೆಕ್ಷನ್ ಒಂದರ ಪರೀಕ್ಷೆ 320 ಜನರ ಮೇಲೆ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ ಅದರಲ್ಲಿತ್ತು. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಮೊಡವೆ, ಮನಸ್ಸು ಕುಗ್ಗುವುದು ಅಂತೆಲ್ಲ ಕಾಣಿಸಿಕೊಂಡಾಗ 2011ರಲ್ಲಿ ಸುರಕ್ಷತಾ ಸಮಿತಿ ಅದನ್ನು ನಿಲ್ಲಿಸಿತು. 2016ರಲ್ಲಿ ಇದು ಸುದ್ದಿಯಾದಾಗ ‘ಗಂಡಸರಿಗೆ ಮೊಡವೆಯೂ ತಡೆಯಲಿಲ್ಲ’ ಅನ್ನುವ ಜೋಕುಗಳು ಓಡಾಡಿದವು. ನಾನೂ ಒಂದೆರಡನ್ನು ಫಾರ್ವರ್ಡ್ ಮಾಡಿದ್ದೆ. ಜೋಕು ಪೂರ್ತಿ ನ್ಯಾಯ ಅಲ್ಲ. ನಿಲ್ಲಿಸಿದ್ದು ಸಮಿತಿ. ಪರೀಕ್ಷೆಯಲ್ಲಿದ್ದ ಗಂಡಸರಲ್ಲಿ ಮುಕ್ಕಾಲುಪಾಲು ಜನ ಇದು ಸಿಕ್ಕರೆ ಬಳಸುತ್ತೇವೆ ಅಂದಿದ್ದರು.

ಇದರ ಹಿಂದಿನ ತರ್ಕ ನನಗೆ ಬಹಳ ದಿನ ಹೊಳೆದಿರಲಿಲ್ಲ. ಔಷಧಿಯ ಅಪಾಯವನ್ನು ತೂಗುವುದು ತೆಗೆದುಕೊಳ್ಳುವವರ ಮೈಗೆ ಆಗುವ ಲಾಭದ ಎದುರು. ಹೆಣ್ಣಿನ ತಕ್ಕಡಿಯಲ್ಲಿ ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಬಸಿರು, ಹೆರಿಗೆ, ಅದರ ಜೀವಾಪಾಯ. ಅಷ್ಟು ಭಾರ ಆ ಕಡೆ ಇರುವಾಗ ಮಾತ್ರೆ ಎಷ್ಟು ತೊಂದರೆ ಕೊಟ್ಟರೂ ಹಗುರವಾಗಿ ಕಾಣುತ್ತದೆ. ಗಂಡಸಿನ ತಕ್ಕಡಿಯಲ್ಲಿ ಆ ಕಡೆ ಏನೂ ಇಲ್ಲ. ಹಾಗಾಗಿ ಮೊಡವೆಯೂ ತೂಗುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುವ ಪದ್ಧತಿ ಇನ್ನೂ ಬಂದಿಲ್ಲ.

ವಿಶ್ವಸಂಸ್ಥೆಯ 2019ರ ಲೆಕ್ಕದಲ್ಲಿ ಜಗತ್ತಿನಲ್ಲಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡು ಅದನ್ನೇ ನಂಬಿದ ಹೆಂಗಸರು 21.9 ಕೋಟಿ. ಗಂಡಸರ ಆಪರೇಷನ್ ನಂಬಿದ ಜೋಡಿಗಳು ಸುಮಾರು 1.6 ಕೋಟಿ. ಹೆಂಗಸರದ್ದು ಹೊಟ್ಟೆಯೊಳಗಿನ ಕೆಲಸ. ಗಂಡಸರದ್ದು ಚರ್ಮದ ಕೆಳಗೇ ಇರುವ ಎರಡು ನಾಳ. ಚೀನಾದ ಡಾಕ್ಟರ್ ಲಿ ಶುನ್‌ಚಿಯಾಂಗ್ 1974ರಲ್ಲಿ ಚಾಕು ಇಲ್ಲದೆ, ಒಂದು ಸಣ್ಣ ತೂತಿನಲ್ಲಿ ಮಾಡುವ ವಿಧಾನ ಕಂಡುಹಿಡಿದ ಮೇಲೆ ಅದು ಇನ್ನೂ ಸುಲಭವಾಗಿದೆ.

ಇದು ನನಗೆ ಗೊತ್ತಾಗಿದ್ದು ಹೇಗೆಂದರೆ, ಒಂದು ದಿನ ಅವಳು ‘ಕಾಪರ್ ಟಿ ಹಾಕಿಸ್ಕೊಳ್ಳಲಾ ಅಂತಿದೀನಿ’ ಅಂದಳು. ಫೋನಿನಲ್ಲಿ ಆಗಲೇ ಎಲ್ಲ ಓದಿಕೊಂಡಿದ್ದಳು. ‘ನಿನ್ನಿ...’ ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

‘ಬೇಡ. ನಾನ್ ಹೋಗ್ತೀನಿ’ ಅಂದೆ.

‘ಎಲ್ಲಿಗೆ?’

ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು, ಆ ದಿನ ಡಾಕ್ಟರ ರೂಮಿನಲ್ಲಿ ನೋಡಿದ ಹಾಗೆ, ಆದರೆ ಸ್ವಲ್ಪ ಜಾಸ್ತಿ ಹೊತ್ತು. ‘ನಿಜವಾಗ್ಲೂ ನಿಂಗೆ ಬೇಕಾ, ಇಲ್ಲಾ ನಂಗೋಸ್ಕರಾನಾ?’ ಅಂತ ಕೇಳಿದಳು. ಎರಡೂ ಅಂದೆ. ಭಯ ಆಗುತ್ತಿದೆ ಅಂತಲೂ ಹೇಳಿದೆ. ನಕ್ಕಳು.

ಆಪರೇಷನ್ ಇಪ್ಪತ್ತು ನಿಮಿಷ. ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದ್ದು ಬಿಟ್ಟರೆ ನೋವು ಅಂತ ಹೇಳುವಂಥದ್ದು ಇರಲಿಲ್ಲ. ಎರಡು ದಿನ ಐಸ್ ಇಟ್ಟುಕೊಂಡು ಸೋಫಾದ ಮೇಲೆ ಮಲಗಿದ್ದೆ. ಆಫೀಸಿನಲ್ಲಿ ಇಬ್ಬರಿಗೆ, ಮನೆಯ ಕಡೆ ಮೂವರಿಗೆ ನಾನೇ ಹೇಳಿದೆ. ಮೆಚ್ಚುಗೆ ಚೆನ್ನಾಗಿಯೇ ಸಿಕ್ಕಿತು. ಅವಳು ಆ ಮಧ್ಯಾಹ್ನ ಒಬ್ಬಳೇ ಕೂತು ಗೆರೆ ಎಳೆದದ್ದಕ್ಕೆ ಯಾರೂ ಭೇಷ್ ಅಂದಿರಲಿಲ್ಲ.

ಬಿಡುವಾಗ ಡಾಕ್ಟರ್ ಒಂದು ಮಾತು ಹೇಳಿದ್ದರು. ಇವತ್ತಿಂದಲೇ ನಂಬಬೇಡಿ, ನಾಳದಲ್ಲಿ ಉಳಿದದ್ದು ಖಾಲಿಯಾಗಬೇಕು, ಮೂರು ತಿಂಗಳು ಬಿಟ್ಟು ವೀರ್ಯ ಪರೀಕ್ಷೆ ಮಾಡಿಸಿ, ಅದರಲ್ಲಿ ಏನೂ ಇಲ್ಲ ಅಂತ ಬರುವವರೆಗೆ ಕಾಂಡೋಮ್ ಬಿಡಬೇಡಿ. ಬಹಳ ಜನ ಆ ಟೆಸ್ಟಿಗೆ ಬರುವುದೇ ಇಲ್ಲ ಅಂತಲೂ ಅಂದರು. ನಾನು ಅಂಥವನಲ್ಲ ಅನ್ನುವ ಹಾಗೆ ತಲೆಯಾಡಿಸಿದ್ದೆ.

ಮೂರು ತಿಂಗಳು ಆಯಿತು. ಅದಾಗಿ ಹತ್ತು ದಿನವೂ ಆಯಿತು. ಒಂದು ರಾತ್ರಿ ಅವಳು ಪುಸ್ತಕ ಮಡಚಿಟ್ಟು ಕೇಳಿದಳು.

‘ಆ ಟೆಸ್ಟ್ ಯಾವತ್ತಿತ್ತು?’

ನನಗೆ ನೆನಪಿರಲಿಲ್ಲ. ಫೋನ್ ತೆಗೆದು ಹುಡುಕಿದೆ, ಎಲ್ಲೂ ಬರೆದುಕೊಂಡಿರಲಿಲ್ಲ. ಅವಳು ತನ್ನ ಫೋನ್ ಎತ್ತಿ ನನ್ನ ಕಡೆ ತಿರುಗಿಸಿದಳು. ಅದರಲ್ಲಿ ತಾರೀಕು ಇತ್ತು, ಬೆಳಿಗ್ಗೆ ಎಷ್ಟು ಗಂಟೆಗೆ ಹೋಗಬೇಕು ಅನ್ನುವುದೂ ಇತ್ತು.